ಜೀವಂತ ಗ್ರೇಡು

ದೀಪ ಹಚ್ಚುವ ಹೊತ್ತಿಗೆ ಹುಬ್ಬಳ್ಳಿಯ ಆ ಓಣಿಯಲ್ಲಿ ಹಿಂದೆಲ್ಲ ಮಕ್ಕಳು ಮಗ್ಗಿ ಹೇಳುವುದು ಕೇಳುತ್ತಿತ್ತು. ಈಗ ಮಕ್ಕಳು ಹೊರಗೆ ಆಡುತ್ತಿರುತ್ತಾರೆ, ಒಳಗಿನಿಂದ ಅವರ ಅಪ್ಪ ಅವ್ವಂದಿರ ದನಿ ಬರುತ್ತದೆ. ಮೂಲೆಮನೆಯವನು ಕಾನೂನಿನ ಕಲಮುಗಳನ್ನು ಒಂದೇ ರಾಗದಲ್ಲಿ ಎಳೆಯುತ್ತಾನೆ. ಎದುರುಮನೆಯ ನರ್ಸ್ ಕೈಯ ನರಗಳನ್ನು ಹೆಗಲಿನಿಂದ ಬೆರಳಿನವರೆಗೆ ಹೆಸರಿಸುತ್ತಾ ಇಳಿಯುತ್ತಾಳೆ. ನಡುವಿನ ಮನೆಯಲ್ಲಿ ನೀಲಾಂಬಿಕಾ ರೊಟ್ಟಿ ಬಡಿಯುತ್ತಾ ದ್ರವಚಲನಶಾಸ್ತ್ರ ಹೇಳುತ್ತಾಳೆ.

"ಕೊಳವಿ ಉದ್ದಾದಷ್ಟೂ ಒತ್ತಡ ಕಡಿಮಿ, ಕೊಳವಿ ಸಣ್ಣಾದಷ್ಟೂ ಇನ್ನೂ ಕಡಿಮಿ, ವೇಗ ಇಮ್ಮಡಿಯಾದ್ರ ನಷ್ಟ ನಾಲ್ಕುಪಟ್ಟು, ಕೊಳವಿ ಒಳಗಿನ ಗ್ವಾಡಿ ಒರಟಾದ್ರ..."

ರೊಟ್ಟಿಯ ಸಪ್ಪಳವೇ ತಾಳ. ಒಂದು ರೊಟ್ಟಿಗೆ ಒಂದು ಅಧ್ಯಾಯದ ಕಾಲುಭಾಗ ಮುಗಿಯಬೇಕು.

ಕಾಯಿದೆ ಹೇಳುವುದು ಇಷ್ಟೇ: ಸ್ನಾತಕೋತ್ತರ ವಿದ್ಯಾರ್ಥಿ ಕಲಿತದ್ದನ್ನು ಮರೆತರೆ ಅವನ ಗ್ರೇಡೂ ಇಳಿಯಬೇಕು. ಎಲ್ಲೋ ಒಂದು ಊರಿನಲ್ಲಿ ಹೊಸ ನೀರಿನ ಟ್ಯಾಂಕು ಕುಸಿದು ಜನ ಸತ್ತಿದ್ದರು. ನಕ್ಷೆಗೆ ಸಹಿ ಹಾಕಿದ ಎಂಜಿನಿಯರಿಗೆ ಆ ವಿಷಯದಲ್ಲಿ ಅತ್ಯುತ್ತಮ ಗ್ರೇಡು ಇತ್ತು. ವಿಚಾರಣೆಯಲ್ಲಿ ಕೇಳಿದರೆ ಪಾಠದ ಒಂದು ಸಾಲೂ ಅವನ ತಲೆಯಲ್ಲಿ ಉಳಿದಿರಲಿಲ್ಲ. ಜನ ರೊಚ್ಚಿಗೆದ್ದರು. ಅದೇ ವರ್ಷ ಸ್ಮೃತಿಮಾಪಕ ಬಂದಿತ್ತು. ಗೊತ್ತಿರುವ ಸಂಗತಿಯೊಂದು ನೆನಪಿಗೆ ಬರುವಾಗ, ನಾಲಗೆ ಅಲ್ಲಾಡುವ ಮೊದಲೇ, ಮೆದುಳಿನ ಕೆಲವು ಜಾಗಗಳು ಒಟ್ಟಿಗೆ ಎಚ್ಚರಗೊಳ್ಳುತ್ತವೆ. ತಲೆಗೆ ಹಾಕಿದ ಟೊಪ್ಪಿಗೆ ಅದನ್ನು ಹಿಡಿದು ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ. ಪ್ರಶ್ನೆ ಮೂಡಿದ ಮೇಲೆ ಉಸಿರೊಂದು ಒಳಹೋಗಿ ಹೊರಬರುವಷ್ಟರಲ್ಲಿ ಗೆರೆ ಮಟ್ಟ ದಾಟಿದರೆ ಆ ತಿಳಿವಳಿಕೆ ಜೀವಂತ. ದಾಟದಿದ್ದರೆ ಇಲ್ಲ. ಟೊಪ್ಪಿಗೆಯ ಸರಕಾರಿ ಹೆಸರು ಯಾರ ಬಾಯಿಗೂ ಹತ್ತಲಿಲ್ಲ. ಕಿವಿ ಮುಚ್ಚಿ ಗದ್ದದ ಕೆಳಗೆ ಕಟ್ಟುವಂಥದ್ದಾದ್ದರಿಂದ ಈ ಕಡೆಯವರು ಅದನ್ನು, ಕೂಸುಗಳಿಗೆ ಹಾಕುವ ಹಾಗೆ, ಕುಲಾವಿ ಎಂದರು.

ಪದವಿ ಬೇಕಾದರೆ ಹನ್ನೆರಡು ಕೋರ್ಸುಗಳೂ ಒಂದೇ ಮಾಪನದಲ್ಲಿ ಬಿ ಅಥವಾ ಅದಕ್ಕಿಂತ ಮೇಲೆ ಇರಬೇಕು. ಕೆಳಗಿಳಿದ ಕೋರ್ಸು 'ಆರಿತು' ಎನ್ನುತ್ತಾರೆ. ಆರಿದ್ದಕ್ಕೆ ಒಮ್ಮೆ ಮಾತ್ರ ಮರುನೋಂದಣಿ. ಅದೇ ಎರಡನೇ ಸಲ ಆರಿತೋ, ನೋಂದಣಿ ರದ್ದು. ಉಳಿದ ಹನ್ನೊಂದೂ ಅಳಿಸಿಹೋಗುತ್ತವೆ. ಪದವಿ ಕೈಗೆ ಬಂದ ಮೇಲೆ ಮಾತ್ರ ಯಾರೂ ಅಳೆಯುವುದಿಲ್ಲ. ಪದವೀಧರರಿಗೂ ಅನ್ವಯಿಸಬೇಕು ಎಂಬ ಸಾಲು ಕರಡಿನಲ್ಲಿ ಇತ್ತಂತೆ. ಕರಡು ತಿದ್ದಿದವರೆಲ್ಲ ಪದವೀಧರರೇ ಆದ್ದರಿಂದ ಆ ಸಾಲು ಎಲ್ಲಿಯೋ ಬಿದ್ದುಹೋಯಿತು.

ಹಗಲಿನಲ್ಲಿ ಓದುವವರು ಎಲ್ಲವನ್ನೂ ಒಟ್ಟೊಟ್ಟಿಗೆ ಕಲಿತು, ಮರೆಯುವ ಮುಂಚೆಯೇ ಪಾರಾಗುತ್ತಾರೆ. ಕಷ್ಟ ಸಂಜೆಯವರದು. ಕೆಲಸ ಮುಗಿಸಿ ಬಂದು ಒಂದು ಅವಧಿಗೆ ಒಂದೇ ಕೋರ್ಸಿಗೆ ಹೆಸರು ನೋಂದಾಯಿಸಲು ಅವರಿಗೆ ಸಾಧ್ಯ. ಕೊನೆಯ ದೀಪ ಹಚ್ಚುವಾಗ ಮೊದಲನೆಯದರ ಎಣ್ಣೆ ತೀರಿರುತ್ತದೆ.

ನೀಲಾಂಬಿಕಾ ನೀರು ಸರಬರಾಜು ಕಚೇರಿಯಲ್ಲಿ ಕಿರಿಯ ಎಂಜಿನಿಯರ್. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದವಳು. ಬಿ.ಇ. ಸಂಜೆ ಕಾಲೇಜಿನಲ್ಲಿ ಆಯಿತು, ಈಗ ಎಂ.ಟೆಕ್. ಸಂಧ್ಯಾ ವಿದ್ಯಾಪೀಠದಲ್ಲಿ. ಎಲ್ಲಿ ಕೊಳವೆ ಒಡೆದರೂ ಓಡುವ ಕೆಲಸ ಅವಳದು. ಕೊಳವೆ ಎಲ್ಲಿ, ಹೇಗೆ ಹಾಕಬೇಕೆಂದು ತೀರ್ಮಾನಿಸುವ ವಿಭಾಗಕ್ಕೆ ಈ ಪದವಿಯಿಲ್ಲದೆ ಪ್ರವೇಶವಿಲ್ಲ. ಒಡೆದದ್ದನ್ನು ಹುಡುಕಿ ಸಾಕಾಗಿದೆ, ಇನ್ನು ಒಡೆಯದ ಹಾಗೆ ಹಾಕಬೇಕು ಎಂಬುದೊಂದೇ ಅವಳ ಆಸೆ. ಹನ್ನೆರಡನೆಯ ಕೋರ್ಸು ಮೊನ್ನೆ ಮುಗಿದಿತ್ತು. ಮೊದಲು ಕಲಿತ ದ್ರವಚಲನ ಹಿಂದಿನ ಮಾಪನವೊಂದರಲ್ಲಿ ಆಗಲೇ ಒಮ್ಮೆ ಆರಿ, ಮರುನೋಂದಣಿಯಾಗಿತ್ತು. ನಾಳೆ ಮಾಪನ.

"ನೀಲವ್ವಾ, ಹಾಲು!"

ಅತ್ತೆ ಗುರವ್ವ ಕೂಗುವಷ್ಟರಲ್ಲಿ ಹಾಲು ಒಲೆ ತುಂಬಾ ಹರಿದಿತ್ತು. ನೀಲಾಂಬಿಕಾ ಹಿಟ್ಟಿನ ಕೈಯಲ್ಲೇ ನಿಂತುಬಿಟ್ಟಳು.

"ಹಾಲು ಇಟ್ಟಿದ್ದ ನೆನಪ ಇರಲಿಲ್ಲತ್ತಿ. ಪೂರ್ತಿ ಹೋಗಿಬಿಟ್ಟಿತ್ತು."

"ಹಾಲು ಉಕ್ಕೇತಿ, ಅಷ್ಟ. ಒಲಿ ಒರಸು."

"ಇವತ್ತ ಹಾಲು ಮರತೆ. ನಾಳೆ ದ್ರವಚಲನ ಮರತ್ರ?"

"ಹಾಲೂ ದ್ರವನ ಅಲ್ಲೇನ? ಚಲನಾನೂ ಆತು. ನಿನ್ನ ಪಾಠ ಬರೋಬ್ಬರಿ ಐತಿ ಬಿಡು" ಎಂದು ಗುರವ್ವ ತಾನೇ ಅರಿವೆ ತೆಗೆದುಕೊಂಡಳು. "ಹಿಂಗ ಹೆದರಿ ಹೆದರಿ ನಿನ್ನ ತಲಿಯೊಳಗ ಹೆದರಿಕಿಗೇ ಎಲ್ಲಾಕ್ಕಿಂತ ದೊಡ್ಡ ಖೋಲಿ ಆಗೇತಿ. ಬಾಜೂಮನಿ ಕೂಸಿನ ಹೆಸರರ ಗೊತ್ತೈತೇನ ನಿನಗ?"

ನೀಲಾಂಬಿಕಾ ನಾಮಕರಣಕ್ಕೆ ಹೋಗಿದ್ದಳು, ಆದರೆ ಹೆಸರು ಕರೆಯುವ ಹೊತ್ತಿಗೆ ಅಂಗಳಕ್ಕೆ ಎದ್ದುಬಂದಿದ್ದಳು. ಹೊಸದೊಂದು ಒಳಗೆ ಬಂದರೆ ಹಳೆಯದೊಂದು ಹೊರಗೆ ಹೋದೀತು ಎಂಬ ಭಯ. ಅದಕ್ಕೆ ಆಧಾರವಿಲ್ಲವೆಂದು ವಿದ್ಯಾಪೀಠದವರೇ ಹೇಳಿದ್ದರು. ಆದರೂ ಸಂಜೆಯ ವಿದ್ಯಾರ್ಥಿಗಳಲ್ಲಿ ಹೊಸ ಹಾಡು ಕೇಳುವವರು, ಹೊಸ ಫೋನ್ ನಂಬರು ನೆನಪಿಡುವವರು ಯಾರೂ ಇರಲಿಲ್ಲ.

ಗಂಡ ಸಂಗಮನಾಥ ಡಿಪೋದಿಂದ ಬಂದವನು ಒಲೆಯ ಕಡೆ ನೋಡಿ ಎಲ್ಲಾ ಅರ್ಥಮಾಡಿಕೊಂಡ. ಅವನು ಬಸ್ಸಿನ ಮೆಕ್ಯಾನಿಕ್. ಮನೆಯ ಟಿ.ವಿ.ಯಲ್ಲಿ ದನಿಯಿಲ್ಲದೆ ಕ್ರಿಕೆಟ್ ನೋಡುವುದು ಅವನಿಗೆ ಎಷ್ಟೋ ವರ್ಷದಿಂದ ರೂಢಿ.

"ನಮ್ಮ ಡಿಪೋದ ಗುಮಾಸ್ತ ಎಂ.ಕಾಂ. ಮಾಡಾಕತ್ತಾನಲ್ಲ," ಎಂದ ಕೈಕಾಲು ತೊಳೆಯುತ್ತಾ, "ಸಿನಿಮಾ ಬಿಟ್ಟಾನ. ಕಥಿ ತಲ್ಯಾಗ ಜಾಗಾ ಹಿಡಿತೈತಂತ. ನಿನ್ನೆ ಕ್ಯಾಂಟೀನಿನ್ಯಾಗ ಯಾರೋ ಜೋಕ್ ಹೇಳಾಕ ಶುರು ಮಾಡಿದ್ರು, ಕಿವಿ ಮುಚ್ಚಿಕೊಂಡು ಓಡಿದ."

ನೀಲಾಂಬಿಕಾಳಿಗೆ ನಗು ಬಂತು, ಬಂದಷ್ಟೇ ಬೇಗ ಹೋಯಿತು. "ರೀ, ನಾಳೆ ಆರಿದ್ರ ಎಲ್ಲಾ ಮೊದಲಿಂದ. ನೀವು, ಅತ್ತಿ, ಎಲ್ಲಾರೂ ಮೊದಲಿಂದ."

"ನಾಳಿದು ನಾಳೆ" ಎಂದ ಸಂಗಮನಾಥ. ಆದರೆ ಊಟಕ್ಕೆ ಕೂತಾಗ ಅವನೂ ಹೆಚ್ಚು ತಿನ್ನಲಿಲ್ಲ.

*

ಮಾಪನ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಪರದೆ, ಗಾಜಿನ ಆಚೆ ತಬಸ್ಸುಮ್ ಮುಲ್ಲಾಳ ಮೇಜು. ತಬಸ್ಸುಮ್ ಯಂತ್ರ ನೋಡಿಕೊಳ್ಳುವ ತಾಂತ್ರಿಕ ಅಧಿಕಾರಿ. ವಯಸ್ಸಿನಲ್ಲಿ ನೀಲಾಂಬಿಕಾಳಿಗಿಂತ ಚಿಕ್ಕವಳು.

"ತಲಿ ಸ್ವಲ್ಪ ಬಗ್ಗಸ್ರಿ ಅಕ್ಕಾ. ಥಂಡ ಹತ್ತತೈತಿ" ಎನ್ನುತ್ತಾ ಅವಳು ಬೈತಲೆಗೆ ಲೇಪ ಹಚ್ಚಿ ಕುಲಾವಿ ಕಟ್ಟಿದಳು. "ಚೆಂದ ಕಾಣ್ತೀರಿ. ಗಲ್ಲಕ್ಕೊಂದು ದೃಷ್ಟಿಬಟ್ಟು ಇಟ್ರ ತೊಟ್ಟಿಲಕ್ಕ ಹಾಕಬಹುದು."

ಒಂದೊಂದೇ ಕೋರ್ಸು ಬಂತು. ಹೊಸದಾಗಿ ಕಲಿತವು ಸುಲಭವಾಗಿ ದಾಟಿದವು. ಹಳೆಯವು ತೆವಳಿಕೊಂಡು ದಾಟಿದವು. ಹನ್ನೊಂದರ ಎದುರು ಹಸಿರು ಬಿತ್ತು. ಗಾಜಿನ ಆಚೆಯಿಂದ ತಬಸ್ಸುಮ್ ಹೆಬ್ಬೆರಳು ತೋರಿಸಿದಳು.

ಕೊನೆಗೆ ದ್ರವಚಲನ.

ಪ್ರಶ್ನೆ ಮೂಡಿತು. ನೀಲಾಂಬಿಕಾ ಅದನ್ನು ಓದಿದಳು. ಅವಳಿಗೆ ಉತ್ತರ ಇರುವ ಜಾಗ ಗೊತ್ತಿತ್ತು, ಅಲ್ಲಿಗೆ ಹೊರಟಳು ಕೂಡ. ಅಷ್ಟರಲ್ಲಿ ಪರದೆ ಮಿನುಗಿ ಮುಂದಿನ ಪ್ರಶ್ನೆ ಬಂತು. ಮತ್ತೆ ಹೊರಟಳು. ಮತ್ತೆ ಮಿನುಗು. ಯಾರೋ ಮನೆಯ ಬಾಗಿಲು ತಟ್ಟಿ, ಒಳಗಿನವರು ಎದ್ದು ಬರುವಷ್ಟರಲ್ಲಿ ಮುಂದಿನ ಮನೆಗೆ ಹೋದ ಹಾಗೆ. ಕೆಲವು ಪ್ರಶ್ನೆಗಳಿಗೆ ಮಾತ್ರ ಗೆರೆ ಸಮಯಕ್ಕೆ ಸರಿಯಾಗಿ ಏರಿತು.

ಕೊನೆಯ ಪ್ರಶ್ನೆಯ ಹೊತ್ತಿಗೆ ತಬಸ್ಸುಮ್‌ಳ ಫೋನು ಹೊಡೆದುಕೊಂಡಿತು. ಮನೆಯಿಂದ ಅವಳ ತಾಯಿ. ಗ್ಯಾಸ್ ಸಿಲಿಂಡರಿನವನು ಬಾಗಿಲಲ್ಲಿ ನಿಂತಿದ್ದಾನೆ, ಓಟಿಪಿ ಹೇಳದೆ ಸಿಲಿಂಡರ್ ಇಳಿಸುವುದಿಲ್ಲವಂತೆ. ತಬಸ್ಸುಮ್ ಪಕ್ಕಕ್ಕೆ ತಿರುಗಿ ಒಂದೊಂದೇ ಅಂಕಿ ಹೇಳಿದಳು, ತಾಯಿಗೆ ಕೇಳಿಸದೆ ಮತ್ತೆ ಹೇಳಿದಳು. ಮುಗಿಸಿ ತಿರುಗಿದಾಗ ಯಂತ್ರ ತೀರ್ಪು ಕೊಟ್ಟಾಗಿತ್ತು: ಬಿ ಮೈನಸ್. ಆದರೆ ಅವಳು ಮಾಪನ ನಿಲ್ಲಿಸುವ ಗುಂಡಿ ಒತ್ತಿರಲಿಲ್ಲ. ಪರದೆಯ ಮೇಲೆ ಗೆರೆ ಇನ್ನೂ ಓಡುತ್ತಲೇ ಇತ್ತು. ಸಣ್ಣ ಸಣ್ಣ ಮೆಟ್ಟಿಲು ಹತ್ತುತ್ತಾ ಹೋಗಿ, ಇದ್ದಕ್ಕಿದ್ದಂತೆ, ಮಟ್ಟಕ್ಕಿಂತ ಬಹಳ ಮೇಲಕ್ಕೆ ಎದ್ದಿತು.

ತರಬೇತಿಯಲ್ಲಿ ಇದಕ್ಕೆ 'ಬಾಲ' ಎಂದಿದ್ದರು. ಸಮಯ ಮುಗಿದ ಮೇಲಿನದು ಬರೀ ಮನಸ್ಸಿನ ಅಲೆದಾಟ, ಕತ್ತರಿಸಿಬಿಡಿ ಎಂದಿದ್ದರು.

ನೀಲಾಂಬಿಕಾ ತಾನೇ ಕುಲಾವಿ ಬಿಚ್ಚುತ್ತಿದ್ದಳು. ಗಾಜಿನಲ್ಲಿ ಕೆಂಪು ಬಣ್ಣ ಕಂಡಿತ್ತು.

"ಅಕ್ಕಾ, ಒಂದು ನಿಮಿಷ ಕೂಡ್ರಿ..."

"ಇರ್ಲಿ ಬಿಡ್ರಿ ಮೇಡಂ. ಯಂತ್ರದ ತಪ್ಪಲ್ಲ. ನನಗ ಗೊತ್ತಿತ್ತು." ಅವಳು ಕೂದಲಿನ ಲೇಪ ಒರೆಸಿ ಅರಿವೆಯನ್ನು ನೀಟಾಗಿ ಮಡಚಿಟ್ಟಳು. "ಇಷ್ಟು ವರ್ಷ ನನಗ ಬರತೈತಿ ಅಂತ ಅನಕೊಂಡಿದ್ದೆ. ಬರೂದಿಲ್ಲ ಅಂತ ಇವತ್ತ ಗೊತ್ತಾತು."

ಅವಳು ಹೋದ ಮೇಲೆ ತಬಸ್ಸುಮ್ ಆ ಬಾಲವನ್ನು ಮತ್ತೆ ಮತ್ತೆ ಓಡಿಸಿ ನೋಡಿದಳು. ಅಲೆಯುವ ಮನಸ್ಸು ಮೆಟ್ಟಿಲು ಹತ್ತುವುದಿಲ್ಲ. ಇದು ಎಲ್ಲಿಗೋ ಹೋಗುತ್ತಿತ್ತು.

*

ಮನೆಯ ಬಾಗಿಲಲ್ಲಿ ನೀಲಾಂಬಿಕಾ ಚಪ್ಪಲಿ ಬಿಟ್ಟ ರೀತಿಯಲ್ಲೇ ಗುರವ್ವನಿಗೆ ತಿಳಿಯಿತು. ಚಹಾ ತಂದಿಟ್ಟಳು. ಸಂಗಮನಾಥ ಬಂದ ಮೇಲೆ ನೀಲಾಂಬಿಕಾ ಗೋಡೆಗೆ ಒರಗಿ ಕುಳಿತು, ಕಚೇರಿಯಲ್ಲಿ ವರದಿ ಒಪ್ಪಿಸುವ ಹಾಗೆ ನಡೆದದ್ದೆಲ್ಲ ಹೇಳಿದಳು. ನಾಳೆ ಸಂಜೆ ನೋಂದಣಿ ರದ್ದತಿಗೆ ಡೀನ್ ಸಹಿ ಹಾಕುತ್ತಾರೆ, ಅಲ್ಲಿಗೆ ಮುಗಿಯಿತು.

"ನಿಮ್ಮಿಬ್ಬರಿಗೂ ಬಾಳ ತ್ರಾಸ ಕೊಟ್ಟೆ," ಎಂದಳು. "ತಪ್ಪಾತು."

"ತಪ್ಪು ಯಾಕಾಗ್ತೈತಿ?" ಗುರವ್ವನಿಗೆ ಸಿಟ್ಟು ಬಂತು. "ಯಾರ ಮನ್ಯಾಗ ಸೊಸಿ ಇಷ್ಟು ಶಾಣ್ಯಾಕಿ ಇದ್ದಾಳ? ಆ ಕುಲಾವಿ ತಂದು ನನ್ನ ತಲಿಗೆ ಹಾಕ್ರಿ, ನಾ ಹೇಳ್ತೀನಿ. ಕೊಳವಿ ಉದ್ದಾದಷ್ಟೂ ಒತ್ತಡ ಕಡಿಮಿ, ಕೊಳವಿ ಸಣ್ಣಾದಷ್ಟೂ ಇನ್ನೂ ಕಡಿಮಿ..." ಹೇಳುತ್ತಾ ಹೋದಳು. ನಾಲ್ಕಾರು ಸಾಲು ತಪ್ಪಿಲ್ಲದೆ ಬಂತು. ಆಮೇಲೆ ನಡುವೆಯೇ ನಿಲ್ಲಿಸಿ ಸೆರಗು ಬಾಯಿಗೆ ಹಿಡಿದಳು.

ಸಂಗಮನಾಥ ಹೆಂಡತಿಯ ಪಕ್ಕ ಬಂದು ಕೂತ. "ಮತ್ತ ಮೊದಲಿಂದ ಓದ್ತೀಯೇನ?"

"ಇಲ್ರಿ. ಇನ್ನೊಮ್ಮೆ ಆಗೂದಿಲ್ಲ."

"ಬ್ಯಾಡ ಹಂಗಾರ."

ಅವನು ಅಷ್ಟು ಬೇಗ ಒಪ್ಪಿದ್ದು ಅವಳಿಗೆ ಸಮಾಧಾನವೂ ಆಯಿತು, ಅದರಿಂದಲೇ ಅಳುವೂ ಬಂತು.

ಮರುದಿನ ರಜೆ ಹಾಕಿದ್ದಳು. ಬೆಳಿಗ್ಗೆ ಅಕ್ಕಿ ಆರಿಸುತ್ತಿದ್ದಾಗ ತಬಸ್ಸುಮ್‌ಳ ಫೋನು ಬಂತು.

"ಅಕ್ಕಾ, ಸಿಟ್ಟ ಮಾಡಬ್ಯಾಡ್ರಿ. ಒಂದು ಕೇಳೂದೈತಿ. ಪರದೆ ಮ್ಯಾಲ ಪ್ರಶ್ನೆ ಬಂದ ಕೂಡ್ಲೇ ತಲ್ಯಾಗ ಏನ ಮಾಡ್ತೀರಿ?"

"ಏನ ಮಾಡ್ತಾರ್ರಿ? ಉತ್ತರ ನೆನಪ ಮಾಡ್ಕೋತೀನಿ."

"ಹೆಂಗ ಮಾಡ್ಕೋತೀರಿ?"

ಇಂಥ ಪ್ರಶ್ನೆ ಅವಳನ್ನು ಯಾರೂ ಕೇಳಿರಲಿಲ್ಲ. "ಅದು ಯಾವ ಅಧ್ಯಾಯದ್ದು ಅಂತ ನೋಡ್ತೀನಿ. ಆಮ್ಯಾಲ ಅದರ ಮೊದಲಿಂದ ಹೇಳ್ಕೊಂತ ಬರ್ತೀನಿ. ಉತ್ತರ ಇದ್ದಲ್ಲಿ ಬಂದು ನಿಂದರ್ತೀನಿ. ದ್ರವಚಲನ ಒಮ್ಮೆ ಆರಿದ ಮ್ಯಾಲ ಅದನ್ನಷ್ಟ ದಿನಾ ಹಂಗ ಹೇಳ್ಕೊಂತ ಕಲತೀನಿ. ಯಾಕ್ರಿ, ಅದು ತಪ್ಪೇನು?"

ಆ ಕಡೆ ಕಾಗದದ ಮೇಲೆ ಪೆನ್ನು ಓಡಿದ ಸಪ್ಪಳ. ಆಮೇಲೆ, "ಅಕ್ಕಾ, ಹದಿನೇಳೆಂಟ್ಲೆ ಎಷ್ಟು?"

ನೀಲಾಂಬಿಕಾ ಅಕ್ಕಿಯ ಮೊರ ಕೆಳಗಿಟ್ಟಳು. ತುಟಿ ಅಲ್ಲಾಡಿತು. "...ನೂರಾ ಮೂವತ್ತಾರು."

"ಇಷ್ಟೊತ್ತು ಏನ ಮಾಡಿದ್ರಿ?"

"ಹದಿನೇಳೊಂದ್ಲೆ ಹದಿನೇಳರಿಂದ ಬಂದೆ."

"ನಾನೂ ನಿಮ್ಮ ಜೋಡಿ ಅಲ್ಲಿಂದನ ಹೊಂಟಿದ್ದೆ. ಹದಿನೇಳಾರ್ಲೆದಾಗ ಹಿಂದ ಉಳದೆ!" ತಬಸ್ಸುಮ್ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. "ನೀವು ಮರತಿಲ್ಲ ಅಕ್ಕಾ. ನೀವು ಇನ್ನೂ ದಾರ್ಯಾಗ ಇದ್ರಿ, ಯಂತ್ರ ಬಾಗಿಲಾ ಹಾಕ್ಕೊಂಡಿತು. ಇದನ್ನ ಮಾಡಿದವರ ದೇಶದಾಗ ಯಾರೂ ಮಗ್ಗಿ ಕೂಗಿ ಕಲಿಯಂಗಿಲ್ಲೋ ಏನೋ. ಅವರಿಗೆ ಒಂದೊಂದು ಮಾತೂ ಬ್ಯಾರೆ ಬ್ಯಾರೆ ಡಬ್ಬಿಯೊಳಗ ಇರತೈತಿ. ನಮಗ ಸರದಾಗ ಪೋಣಿಸಿಟ್ಟಂಗ ಇರತೈತಿ. ಒಂದು ಮಣಿ ಬೇಕಂದ್ರ ತುದಿಯಿಂದ ಜಗ್ಗಬೇಕು. ಸಹಿ ಆಗೂ ಮೊದಲ ಬರ್ರಿ."

*

ಡೀನ್ ಪ್ರೊಫೆಸರ್ ಇನಾಮದಾರರು ಹಿಂದೆ ಸಿವಿಲ್ ಎಂಜಿನಿಯರಿಂಗ್ ಕಲಿಸುತ್ತಿದ್ದವರು. ನೋಂದಣಿ ಮತ್ತು ಗ್ರೇಡಿನ ನಿಯಮಗಳಲ್ಲಿ ಹೆಚ್ಚಿನವು ಅವರ ಕೈಯಲ್ಲೇ ರೂಪುಗೊಂಡಿದ್ದವು. ತಬಸ್ಸುಮ್ ಹೇಳಿದ್ದನ್ನೆಲ್ಲ ಕೇಳಿ ಅವರು ಕನ್ನಡಕ ತೆಗೆದರು.

"ತಬಸ್ಸುಮ್, ನೀ ಹೇಳೂದು ತಿಳೀತದ. ಆದರ ಟ್ಯಾಂಕು ಬೀಳಲಿಕ್ಕತ್ತಿರ್ತದ, ಎಂಜಿನಿಯರು ಒಂದನೇ ಅಧ್ಯಾಯದಿಂದ ಹೇಳಿಕೋತ ನಿಂತಿರ್ತಾನ. ಅದು ನಡೀತದೇನು?"

"ಟ್ಯಾಂಕು ಬೀಳೂ ಮುಂದ ಯಾರೂ ಲೆಕ್ಕಾ ಮಾಡಂಗಿಲ್ರಿ ಸರ್. ಕಟ್ಟೂ ಮೊದಲ ಮಾಡ್ತಾರ. ಆವಾಗ ಒಂದು ಉಸಿರಿಗಿಂತ ಜಾಸ್ತಿ ಹೊತ್ತು ಇರತೈತಿ."

ಡೀನರೊಂದಿಗೆ ಹೀಗೆ ಮಾತಾಡಬಹುದು ಎಂದು ನೀಲಾಂಬಿಕಾಳಿಗೆ ತಿಳಿದಿರಲಿಲ್ಲ. ಆದರೆ ಇನಾಮದಾರರು ನಕ್ಕರು.

"ವಾದ ಚಲೋ ಅದ. ಮಾಪನ ಎಲ್ಲದ?"

"ನಿಮ್ಮ ತಲಿಯೊಳಗನ ಐತ್ರಿ. ಕುಲಾವಿ ಹಾಕ್ಕೋರಿ."

ಡೀನರ ತಲೆಗೆ ಕುಲಾವಿ ಕಟ್ಟಿದ್ದನ್ನು ಆ ವಿದ್ಯಾಪೀಠದಲ್ಲಿ ಹಿಂದೆ ಯಾರೂ ನೋಡಿರಲಿಲ್ಲ. ಗದ್ದದ ಕೆಳಗಿನ ದಾರ ಅವರಿಗೆ ಬಿಗಿಯಾಯಿತು. ಹೊರಗೆ ಜವಾನ ಇಣುಕಿ, ಮುಖ ತಿರುಗಿಸಿಕೊಂಡು ಹೋದ.

"ಹತ್ತೊಂಬತ್ತೇಳ್ಲೆ ಎಷ್ಟ್ರಿ ಸರ್?"

ಗೆರೆ ಅಡ್ಡಡ್ಡ ಓಡಿತು. ಅವಧಿ ಮುಗಿದು ಯಂತ್ರ ಕೆಂಪು ತೋರಿಸಿತು. ಡೀನರ ತುಟಿ ಇನ್ನೂ ಅಲ್ಲಾಡುತ್ತಿತ್ತು. ಗೆರೆ ಒಂದು ಮೆಟ್ಟಿಲು ಹತ್ತಿತು, ಇನ್ನೊಂದು, ಮತ್ತೊಂದು, ಆಮೇಲೆ ಜಿಗಿಯಿತು.

"ನೂರಾ ಮೂವತ್ಮೂರು!" ಎಂದು ತಲೆ ಎತ್ತಿದವರು ಕೆಂಪು ಬಣ್ಣ ಕಂಡರು. "ನಾ ಸಾಲಿಯ ಮೂರನೇ ಇಯತ್ತೆಯೊಳಗಿಂದ ಹೇಳಿಕೋತ ಬಂದದ್ದಿದು."

"ನಿಮ್ಮದೂ ಆರಿತ್ರಿ ಸರ್" ಎಂದಳು ತಬಸ್ಸುಮ್, ಮೆಲ್ಲಗೆ.

ಇನಾಮದಾರರು ಕುಲಾವಿ ಬಿಚ್ಚಿ ಕೈಯಲ್ಲಿ ಹಿಡಿದು ಕೂತರು. "ಆದರೂ ಒಂದದ. ಮಗ್ಗಿ ಗಿಳಿಗೂ ಬರ್ತದ. ಬಾಯಿಪಾಠಕ್ಕ ಎಂ.ಟೆಕ್. ಕೊಡಲಿಕ್ಕೆ ಬರೂದಿಲ್ಲ."

ಆಗ ನೀಲಾಂಬಿಕಾ ಮೊದಲ ಸಲ ಬಾಯಿಬಿಟ್ಟಳು. "ಸರ್ ಹೇಳೂದು ಖರೇ ಐತ್ರಿ ಮೇಡಂ. ನನಗೂ ಅದ ಸಂಶಯ. ನಮ್ಮ ಅತ್ತಿಯವರು ಕೇಳಿ ಕೇಳಿ ನಾಲ್ಕು ಸಾಲು ಹೇಳ್ತಾರ. ಅವರಿಗೂ ನನಗೂ ಏನ ಫರಕ ಅಂತ ನನಗ ಗೊತ್ತಿಲ್ಲ. ಕರುಣಾ ತೋರಿಸಿ ಕೊಡೂದಾದ್ರ ಬ್ಯಾಡ್ರಿ ಸರ್. ನಾ ಹಾಕಿದ ಕೊಳವಿ ಒಡದ್ರ ಕರುಣಾ ತಡಿಯಂಗಿಲ್ಲ."

ಇನಾಮದಾರರು ಅವಳನ್ನು ನೋಡಿದರು. ಇಷ್ಟು ಹೊತ್ತು ಅವರು ಹೆಚ್ಚಾಗಿ ತಬಸ್ಸುಮ್‌ಳನ್ನೇ ನೋಡುತ್ತಿದ್ದರು.

"ಕರುಣಾ ಅಲ್ಲವ್ವಾ. ಕೂಡು. ಪುಸ್ತಕದಾಗ ಇಲ್ಲದ್ದೊಂದು ಕೇಳ್ತೀನಿ. ಎಷ್ಟು ಹೊತ್ತಾದರೂ ತೊಗೋ. ತಬಸ್ಸುಮ್, ಬಾಲ ಕತ್ತರಿಸಬ್ಯಾಡ."

ಕುಲಾವಿ ಮತ್ತೆ ಅವಳ ತಲೆಗೆ ಬಂತು. ಡೀನರು ನಿಧಾನವಾಗಿ ಕೇಳಿದರು: ಕೆಳಗಿನ ಪಂಪಿನಿಂದ ಮೇಲಿನ ಟ್ಯಾಂಕಿಗೆ ಉದ್ದನೆಯ ಕೊಳವೆ. ನಡುವೆ ಒಂದು ದಿಬ್ಬ ಹತ್ತಿ ಇಳಿದು ಹೋಗುತ್ತದೆ. ಒಮ್ಮೆಲೇ ಕರೆಂಟು ಹೋಗಿ ಪಂಪು ನಿಂತಿತು. ಕೊಳವೆ ಎಲ್ಲಿ ಒಡೆದೀತು?

ನೀಲಾಂಬಿಕಾ ಕಣ್ಣು ಮುಚ್ಚಿದಳು. ಯಾರೂ ಅವಸರ ಮಾಡುತ್ತಿಲ್ಲ ಎಂಬುದೇ ಅವಳಿಗೆ ಹೊಸದಾಗಿತ್ತು. ಮೊದಲಿನಿಂದ ಹೊರಟಳು. ಕೊಳವಿ ಉದ್ದಾದಷ್ಟೂ. ಕೊಳವಿ ಸಣ್ಣಾದಷ್ಟೂ. ವೇಗ ಇಮ್ಮಡಿಯಾದ್ರ.

ಪರದೆಯ ಮೇಲೆ ಗೆರೆ ಮೆಟ್ಟಿಲು ಹತ್ತುತ್ತಿತ್ತು. ಹರಿವು ಒಮ್ಮೆಲೇ ನಿಂತರೆ ಆಗುವ ಹೊಡೆತದ ಸಾಲಿಗೆ ಬಂದಾಗ ಅದು ತಟ್ಟನೆ ಕವಲೊಡೆಯಿತು. ಒಂದು ಕವಲು ಇನ್ನೊಂದು ಕೋರ್ಸಿನ ಕಡೆಗೆ, ಮತ್ತೊಂದು ಯಾವ ಕೋರ್ಸಿಗೂ ಸೇರದ ಕಡೆಗೆ. ತಬಸ್ಸುಮ್ ಪರದೆಯ ಹತ್ತಿರಕ್ಕೆ ಬಗ್ಗಿದಳು. ಬರೀ ಬಾಯಿಪಾಠವಾಗಿದ್ದರೆ ಗೆರೆ ಕೊನೆಯವರೆಗೂ ಒಂದೇ ಎಳೆಯಾಗಿ ಓಡಬೇಕಿತ್ತು.

"ದಿಬ್ಬದ ಮ್ಯಾಲ," ಎಂದಳು ನೀಲಾಂಬಿಕಾ, ಕಣ್ಣು ತೆರೆಯದೆಯೇ. "ಎಲ್ಲಾರೂ ಪಂಪಿನ ಹಂತ್ಯಾಕ ಹುಡುಕ್ತಾರ. ಪಂಪು ನಿಂತರೂ ಮುಂದಿನ ನೀರು ಮುಂದನ ಹೋಗತಿರತೈತಿ, ಹಿಂದ ತಳ್ಳಾವ್ರ ಇಲ್ಲ. ದಿಬ್ಬದ ನೆತ್ತಿಯೊಳಗ ನೀರು ಹರಕೊಂಡು ಎರಡಾಗತೈತಿ, ನಡುವ ಬರೇ ಖಾಲಿ. ಆಮ್ಯಾಲ ಎರಡೂ ತಿರುಗಿ ಬಂದು ಡಿಕ್ಕಿ ಹೊಡಿತಾವ. ಒಡೆಯೂದು ಅಲ್ಲೇ. ನೆತ್ತಿಗೊಂದು ಗಾಳಿ ಕವಾಟ ಇಟ್ಟಿದ್ರ ಒಡಿತಿರಲಿಲ್ಲ. ನಾ ಇಂಥಾದು ಅಗಿಸಿ ನೋಡೀನ್ರಿ. ಆವಾಗ ಯಾಕ ಅಂತ ಗೊತ್ತಾಗಿರಲಿಲ್ಲ." ಅವಳು ಕಣ್ಣು ತೆರೆದಳು. "ಈಗ ಗೊತ್ತಾತು ನೋಡ್ರಿ."

ಪರದೆಯಲ್ಲಿ ಗೆರೆ ಮಟ್ಟದಿಂದ ಎಷ್ಟೋ ಮೇಲೆ ನಿಂತಿತ್ತು. ಅದರ ಪಕ್ಕದಲ್ಲೇ ಯಂತ್ರದ ಹಳೆಯ ತೀರ್ಪು, ಕೆಂಪಗೆ, ತನ್ನ ಪಾಡಿಗೆ ಮಿನುಗುತ್ತಿತ್ತು.

ಇನಾಮದಾರರು ತಬಸ್ಸುಮ್ ಕಡೆ ತಿರುಗಿದರು. "ಈ ತನಕ ಆರಿತು ಅಂತ ಕಳಿಸಿದವರು ಎಷ್ಟು ಮಂದಿ ಇದ್ದಾರು?"

"ಗೊತ್ತಿಲ್ರಿ ಸರ್. ಸಂಜೀ ಮಂದೀನ ಜಾಸ್ತಿ."

"ಅವರೆಲ್ಲಾರನ್ನೂ ವಾಪಸ್ ಕರೀಬೇಕು." ಸಹಿಗೆ ಕಾದಿದ್ದ ರದ್ದತಿ ಪತ್ರವನ್ನು ಪಕ್ಕಕ್ಕೆ ಸರಿಸಿದರು. "ಒಂದು ಉಸಿರಿನ ಅವಧಿ ಅಂತ ಒಪ್ಪಿಕೊಂಡವ ನಾನು. ಯಂತ್ರದ ಜೋಡಿ ಬಂದಿತ್ತು, ಯಾಕಂತ ಕೇಳಲಿಲ್ಲ. ವಿದ್ಯಾಪೀಠದ ಮಂಡಳಿ ಮುಂದ ನಾನ ಹೇಳ್ತೀನಿ. ಅಲ್ಲೂ ಒಬ್ಬೊಬ್ಬರ ತಲಿಗೂ ಕುಲಾವಿ ಕಟ್ಟಬೇಕಾಗ್ತದೋ ಏನೋ."

ನೀಲಾಂಬಿಕಾ ಏಳಲು ಹೋದಳು. ಮತ್ತೆ ಕುಳಿತಳು. "ಸ್ವಲ್ಪ ಕೂಡ್ಲೇನ್ರಿ ಸರ್?"

"ಕೂಡವ್ವಾ. ಚಹಾ ತರಸ್ತೀನಿ."

*

ಮಂಡಳಿ ಸುಲಭವಾಗಿ ಒಪ್ಪಲಿಲ್ಲ. ವೇಗವೂ ತಿಳಿವಳಿಕೆಯ ಭಾಗವೇ ಎಂದು ಕೆಲವರು ಹಟ ಹಿಡಿದರು. ಅವರಲ್ಲಿ ಇಬ್ಬರು ಕುಲಾವಿ ಹಾಕಿಕೊಳ್ಳಲು ನಿರಾಕರಿಸಿದರು, ಹಾಕಿಕೊಂಡವರು ಆಮೇಲೆ ಹೆಚ್ಚು ಮಾತಾಡಲಿಲ್ಲ. ಕೊನೆಗೆ ಹೊಸ ನಿಯಮ ಬಂತು. ಗೆರೆ ಮೆಟ್ಟಿಲು ಹತ್ತುತ್ತಿರುವವರೆಗೆ ಮಾಪನ ನಿಲ್ಲಿಸುವಂತಿಲ್ಲ. ಪ್ರತಿ ಕೋರ್ಸಿಗೂ ಪುಸ್ತಕದಲ್ಲಿಲ್ಲದ ಒಂದು ಪ್ರಶ್ನೆ ಇರಬೇಕು, ಗೆರೆ ಕವಲೊಡೆಯಬೇಕು. ಹಳೆಯ ರದ್ದತಿಗಳನ್ನು ಕೇಳಿದವರಿಗೆ ಮತ್ತೆ ಅಳೆಯಬೇಕು. ಎಲ್ಲರಿಗೂ ಒಳ್ಳೆಯದಾಗಲಿಲ್ಲ. ಕವಲೊಡೆಯದೆ ಉಳಿದವರೂ ಇದ್ದರು, ಅವರ ಮನೆಗಳಲ್ಲಿ ದುಃಖವಿತ್ತು. ಆದರೆ ಕೋಣೆಯಿಂದ ಹೊರಬರುತ್ತಾ ಗೋಡೆ ಹಿಡಿದುಕೊಂಡು ನಗುವ ಬಹಳ ಜನರನ್ನು ತಬಸ್ಸುಮ್ ಆ ತಿಂಗಳು ಕಂಡಳು.

ನೀಲಾಂಬಿಕಾಳ ಹನ್ನೆರಡೂ ಒಂದೇ ದಿನ ಹಸಿರಾದವು. ಪದವಿ ಬಂತು. ಇನ್ನು ಅವಳನ್ನು ಯಾರೂ ಅಳೆಯುವುದಿಲ್ಲ. ವಿನ್ಯಾಸ ವಿಭಾಗದಲ್ಲಿ ಕಿಟಕಿಯ ಪಕ್ಕ ಒಂದು ಮೇಜು ಕೊಟ್ಟರು. ಮೊದಲ ಕೆಲಸ ಬಂದಾಗ ಅವಳು ಪುಸ್ತಕ ತೆರೆದು ಪಕ್ಕದಲ್ಲಿಟ್ಟುಕೊಂಡು ನೋಡಿ ನೋಡಿ ಲೆಕ್ಕ ಮಾಡಿದಳು. ಅದನ್ನು ಕಂಡು ಅಲ್ಲಿನ ಹಿರಿಯರು, "ಚಲೋ ರೂಢಿ" ಎಂದರು.

ಒಂದು ಸಂಜೆ, ಕೆಲಸ ಮುಗಿದು ಇನ್ನೂ ಬಿಸಿಲಿರುವಾಗಲೇ, ಅವಳು ಓಣಿಯ ತುದಿಯ ಕಿರಾಣಿ ಅಂಗಡಿಗೆ ಹೋದಳು. ಅಂಗಡಿಯ ಚನಬಸಪ್ಪ ಯಾರಿಗೋ ಬೆಲ್ಲ ತೂಗಿ ಕೊಟ್ಟು ಇವಳ ಕಡೆ ತಿರುಗಿದ.

"ಏನ ಬೇಕಾಗಿತ್ರಿ ಅಕ್ಕಾರ?"

ನೀಲಾಂಬಿಕಾ ಬಾಯಿ ತೆರೆದಳು. ಏನೂ ಬರಲಿಲ್ಲ. ಕಪಾಟಿನ ಮೇಲಿಂದ ಕೆಳಗೆ ನೋಡಿದಳು.

"ಏನೋ ತೊಗೊಳ್ಳಾಕ ಬಂದ್ನೆಪಾ. ಮರತು ಹೋತು."

"ಉಪ್ಪೇನು? ಸಾಬಾಣಿ? ಚಹಾಪುಡಿ? ನೆನಸ್ಕೋರಿ, ನಿಂದರ್ತೀನಿ."

ಹಿಂದೆಯಾಗಿದ್ದರೆ ಎದೆ ಹೊಡೆದುಕೊಳ್ಳುತ್ತಿತ್ತು, ಅಂಗೈ ಬೆವರುತ್ತಿತ್ತು. ಅವಳು ಕಾದಳು. ಏನೂ ಆಗಲಿಲ್ಲ. ಹಿಂದೆ ಸರದಿಯಲ್ಲಿದ್ದ ಹೆಂಗಸು ಎಣ್ಣೆಯ ಡಬ್ಬಿ ಹಿಡಿದು ಸುಮ್ಮನೆ ನಿಂತಿದ್ದಳು. ಎಲ್ಲಿಂದಲೋ ನಗು ಬಂತು, ತಡೆಯಲು ಹೋದಷ್ಟೂ ಹೆಚ್ಚಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಚನಬಸಪ್ಪನೂ ಕಾರಣ ತಿಳಿಯದೆ ನಗತೊಡಗಿದ.

"ಬ್ಯಾಡ ಬಿಡ್ರಿ," ಎಂದಳು. "ಇವರಿಗೆ ಕೊಡ್ರಿ. ನೆನಪಾದಾಗ ಬರ್ತೀನಿ."